ಜಮಾಬಂದಿಗೆ ಬಂದವರು

ನಮ್ಮ ಮನೆಯವರು ಪೊಲೀಸ್ ನೌಕರಿಗೆ ಸೇರಿದ ಮೇಲೆ ಮೊದಲ ಸಲ ಕೈ ಹಿಡಿದು ಠಾಣೆಗೆ ಕರೆದೊಯ್ದದ್ದು ತಮ್ಮ ಹೆತ್ತ ತಾಯಿಯನ್ನು. ಆ ತಾಯಿಗೆ, ಅಂದರೆ ನನ್ನ ಅತ್ತೆಗೆ, ಕಾವಲು ಕೂತವಳು ನಾನು. ಇದನ್ನು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಆಗ ನಮಗೂ ನಂಬಿಕೆ ಬಂದಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ಕನ್ನಡದ ಸೀಮೆಗಳೆಲ್ಲ ಕೂಡಿ ಒಂದು ರಾಜ್ಯವಾಗಬೇಕು ಎಂಬ ಮಾತು ಎಲ್ಲ ಕಡೆ ಎದ್ದಿತ್ತು. ನಾವು ಮಾತ್ರ ಇನ್ನೂ ಹೈದರಾಬಾದಿನ ಕೆಳಗೇ ಇದ್ದೆವು. ಸುರಪುರದಿಂದ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ. ಅಲ್ಲೊಂದು ಸರಕಾರಿ ಕಚೇರಿ, ಪಕ್ಕದಲ್ಲಿ ಠಾಣೆ, ನಡುವೆ ಬೇವಿನ ಮರ. ರಸ್ತೆಯ ಈಚೆ ಬದಿಗೆ ನಮ್ಮ ಒಂದೇ ಕೋಣೆಯ ಮನೆ. ಬಾಗಿಲಲ್ಲಿ ನಿಂತರೆ ಮೂರೂ ಕಾಣುತ್ತಿದ್ದವು.

ನಮ್ಮ ಮನೆಯವರದು ಕುರಿ ಸಾಕುವ ಮನೆತನ. ಹಳ್ಳಿಯಲ್ಲಿ ಅತ್ತೆ, ಮೈದುನ, ಕುರಿ ಹಿಂಡು, ಒಂದಿಷ್ಟು ಮಳೆ ನಂಬಿದ ಹೊಲ. ಮನೆತನದಲ್ಲಿ ಉರ್ದು ಶಾಲೆಗೆ ಹೋಗಿ ನಾಲ್ಕಕ್ಷರ ಕಲಿತವರು ಇವರೊಬ್ಬರೇ. ಅದರಿಂದಲೇ ನೌಕರಿ ಸಿಕ್ಕಿತು. ಠಾಣೆಯ ಮುಖ್ಯಸ್ಥರಾದ ಅಮೀನ್ ಸಾಹೇಬರು ಔರಂಗಾಬಾದ್ ಕಡೆಯವರು. ಮನೆಯಲ್ಲಿ ಮರಾಠಿ, ಠಾಣೆಯಲ್ಲಿ ಉರ್ದು, ಕನ್ನಡವೆಂದರೆ ‘ಬಾ’, ‘ಹೋಗು’ ಎರಡೇ. ಅದರಲ್ಲೂ ಒಂದೊಂದು ಸಲ ಅದಲು ಬದಲು. ಕೆಟ್ಟ ಮನುಷ್ಯರಲ್ಲ. ಹೆದರಿಕೆಯ ಮನುಷ್ಯರು. ಅವರ ಕೆಳಗೆ ಒಬ್ಬ ದಫೇದಾರ. ಅವನ ಕೆಳಗೆ ನಮ್ಮ ಮನೆಯವರೂ ಇನ್ನು ಕೆಲವರು ಪೇದೆಗಳೂ.

ಊರಿನಲ್ಲಿ ಒಬ್ಬ ಮಾಸ್ತರರಿದ್ದರು. ನೌಕರಿಯಿಂದ ಇಳಿದಿದ್ದರು, ಸುಮ್ಮನೆ ಮನೆಯಲ್ಲಿ ಕೂರುವ ಜೀವವಲ್ಲ. ಅವರು, ಇಬ್ಬರು ನೇಕಾರರು, ಒಬ್ಬ ಅರಿವೆ ಅಂಗಡಿಯವರು, ಹೀಗೆ ಹತ್ತು ಹನ್ನೆರಡು ಮಂದಿ ದಿನಾ ಮುಂಜಾನೆ ಬೇವಿನ ಮರದ ಕೆಳಗೆ ಜಮಖಾನೆ ಹಾಸಿ ಕೂರುತ್ತಿದ್ದರು. ‘ಕನ್ನಡ ನಾಡು ಒಂದಾಗಲಿ, ಕಚೇರಿಯಲ್ಲಿ ಕನ್ನಡ ನಡೆಯಲಿ’ ಎಂದು ಬರೆದ ಒಂದು ರಟ್ಟು ಮುಂದೆ ಇಟ್ಟಿರುತ್ತಿತ್ತು. ಘೋಷಣೆಯಿಲ್ಲ, ಭಾಷಣವಿಲ್ಲ. ಬಿಸಿಲು ಏರಿದ ಮೇಲೆ ಜಮಖಾನೆ ಝಾಡಿಸಿ, ಮಡಚಿ, ರೊಟ್ಟಿ ತಿನ್ನಲು ಮನೆಗೆ ಹೋಗುತ್ತಿದ್ದರು. ದಿನಾ ಅಲ್ಲೇ ಇರುತ್ತಾರೆಂದು ಕಚೇರಿಗೆ ಬಂದ ಹಳ್ಳಿಯವರು ತಮ್ಮ ಗಂಟು, ಕೊಡೆ, ಕಟ್ಟಿದ ಕೋಳಿ ಎಲ್ಲವನ್ನೂ ಅವರ ವಶಕ್ಕೆ ಕೊಟ್ಟು ಒಳಗೆ ಹೋಗುತ್ತಿದ್ದರು. ನಮ್ಮ ಮನೆಯವರು ಸೈಕಲ್ಲನ್ನೂ ಅಲ್ಲೇ ನಿಲ್ಲಿಸುತ್ತಿದ್ದರು. ಸರಕಾರದ ವಿರುದ್ಧ ಕೂತವರೇ ಸರಕಾರದ ಸೈಕಲ್ ಕಾಯುತ್ತಿದ್ದರು. ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಬಂದದ್ದು ಗುಲಬರ್ಗಾದಿಂದ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆಂಬ ಸುದ್ದಿಯ ಹಿಂದೆ. ತಮ್ಮ ಠಾಣೆಯ ಎದುರಿಗೇ ಮಂದಿ ಕೂತದ್ದನ್ನು ಅವರು ಕಂಡರೆ ಏನು ಗತಿ ಎಂದು ಅಮೀನರಿಗೆ ಊಟ ಸೇರದಂತಾಯಿತು. ಕೊನೆಗೆ ಒಂದು ಹುಕುಂ ಹೊರಡಿಸಿದರು: ನಾಳೆಯಿಂದ ಜಮಾವಬಂದಿ. ಎಂದರೆ ಜಮಾವಣೆಗೆ ತಡೆ, ನಾಲ್ಕಕ್ಕಿಂತ ಹೆಚ್ಚು ಮಂದಿ ಒಂದು ಕಡೆ ಸೇರಬಾರದು. ಅವರ ಸೀಮೆಯಲ್ಲಿ ಅದಕ್ಕೆ ಅದೇ ಮಾತು. ನಮ್ಮ ಸೀಮೆಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

ಡಂಗುರ ಸಾರುವ ಹಿರಿಯನನ್ನು ಕರೆದು ದಫೇದಾರ ಅವಸರದಲ್ಲಿ ಎರಡು ಮಾತು ಹೇಳಿದ. ನಾಳೆಯಿಂದ ಜಮಾವಬಂದಿ, ತಪ್ಪಿದವರಿಗೆ ಸಜಾ. ಹಿರಿಯನಿಗೆ ಜಮಾಬಂದಿ ಗೊತ್ತಿತ್ತು. ಅದು ವರ್ಷಕ್ಕೊಮ್ಮೆ ಹೊಲದ ಲೆಕ್ಕ ನೋಡುವ ದಿನ. ರೈತರು ಬಂದು ಹೆಸರು ಬದಲಾಯಿಸಿಕೊಳ್ಳುವುದು, ಕಂದಾಯದ ತಕರಾರು ಹೇಳಿಕೊಳ್ಳುವುದು ಎಲ್ಲ ಅಂದೇ. ವರ್ಷಾವರ್ಷ ಸಾರಿದವನೂ ಅವನೇ. ಸಾಹೇಬರ ನಾಲಿಗೆಯಲ್ಲಿ ಒಂದಕ್ಷರ ಹೆಚ್ಚಾಗಿ ಬಂದಿದೆ ಎಂದುಕೊಂಡು ಅವನು ಅದನ್ನು ತೆಗೆದುಹಾಕಿದ.

ಅವನ ಹಲಗೆಯ ಸಪ್ಪಳ ಕೇಳಿ ನಾನೂ ಬಾಗಿಲಿಗೆ ಬಂದೆ.

“ಕೇಳ್ರಪ್ಪೋ ಕೇಳ್ರಿ. ನಾಳಿ ಮುಂಜಾನಿಂದ ಕಚೇರಿ ಮುಂದ ಜಮಾಬಂದಿ ಐತಿ. ತಪ್ಪಿದವರಿಗೆ ಸಜಾ ಆಗತೈತಿ.”

ಊರಿನಲ್ಲಿ ಸಾರಿ, ಸುತ್ತಲಿನ ಹಳ್ಳಿಗಳಿಗೂ ಹೋಗಿ ಸಾರಿ ಬಂದ. ಅಷ್ಟು ಮನಸ್ಸಿಟ್ಟು ಅವನು ಎಂದೂ ಸಾರಿರಲಿಲ್ಲವಂತೆ, ಸಜಾ ಎಂಬ ಮಾತು ಇತ್ತಲ್ಲ.

ಮರುದಿನ ಹೊತ್ತು ಏರುವ ಮೊದಲೇ ಬಂಡಿಗಳು ಬಂದವು. ಆಮೇಲೆ ನಡೆದು ಬಂದವರು. ಕೋಲು ಹಿಡಿದ ಮುದುಕರು, ಕೂಸು ಎತ್ತಿದ ಹೆಂಗಸರು, ಹೆಗಲ ಮೇಲೆ ಕಂಬಳಿ ಹಾಕಿದ ಕುರಿಗಾರರು. ಸಂತೆಯ ದಿನವೂ ಆ ಊರು ಅಷ್ಟು ಮಂದಿಯನ್ನು ಕಂಡಿರಲಿಲ್ಲ. ನಮ್ಮ ಅತ್ತೆಯೂ ಬಂದರು. ಮಾವ ತೀರಿಕೊಂಡ ಮೇಲೆ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವರು ಎಷ್ಟು ಸಲ ಬಂದರೂ ಗುಮಾಸ್ತರು “ಜಮಾಬಂದಿಗೆ ಬಾ” ಎಂದು ಹೇಳಿ ಕಳಿಸಿದ್ದರು. ರೊಟ್ಟಿಯ ಗಂಟನ್ನು ನಮ್ಮ ಮನೆಯಲ್ಲಿಟ್ಟು, ನೀರು ಕುಡಿದು, “ಅಂಬಲಿ ಕಾಸಿಡವಾ, ಕೆಲಸ ಮುಗಿಸ್ಕೊಂಡು ಬಂದ್ಬಿಡ್ತೀನಿ” ಎಂದು ಎದ್ದುಹೋದರು.

ಮಾಸ್ತರರೂ ಅವರ ಕಡೆಯವರೂ ಎಂದಿನಂತೆ ಜಮಖಾನೆ ಹಾಸಲು ಬಂದರೆ ಮರದ ಕೆಳಗೆ ಜಾಗವೇ ಇರಲಿಲ್ಲ. ಯಾರೋ ಪಾಪ ಎಂದು ಸ್ವಲ್ಪ ಸರಿದು ಜಾಗ ಬಿಟ್ಟರು.

ಅಮೀನರು ಠಾಣೆಯ ಬಾಗಿಲು ತೆಗೆದು ಹೊರಗೆ ಬಂದರು. ಹಾಗೇ ಒಳಗೆ ಹೋದರು. ಟೋಪಿ ಹಾಕಿಕೊಂಡು ಮತ್ತೆ ಬಂದರು. ನಮ್ಮ ಮನೆಯವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಇವರು ಯಾಕೆ ಬಂದಿದ್ದಾರೆ ಕೇಳು ಎಂದು ಉರ್ದುವಿನಲ್ಲಿ ಹೇಳಿದರು.

“ಯಾಕ ಬಂದೀರಿ ಅಂತ ಸಾಹೇಬ್ರು ಕೇಳಾಕತ್ತಾರ,” ಎಂದರು ಇವರು.

“ಜಮಾಬಂದಿಗೆ ಬಂದೀವ್ರಿ,” ಎಂದ ಮುಂದೆ ನಿಂತ ಒಬ್ಬ ಮುದುಕ.

ಅಮೀನರ ಕಿವಿಗೆ ಅದು ಬಿದ್ದದ್ದು ತಮ್ಮ ಹುಕುಮಿನ ಹೆಸರಾಗಿ. ಅವರ ಮುಖ ಬೆಳ್ಳಗಾಯಿತು. ಹುಕುಂ ಇದೆ ಎಂದು ಗೊತ್ತಿದ್ದೂ ಬಂದಿದ್ದಾರೆಯೇ ಕೇಳು ಎಂದರು.

“ಗೊತ್ತಾಗೇ ಬಂದೀವ್ರಿ. ನಿನ್ನಿ ಡಂಗುರ ಕೇಳೀವಿ.”

“ಮನೆಗೆ ಹೋಗಲು ಹೇಳು.”

“ಮನಿಗೆ ಹೋಗ್ರಿ ಅಂತಾರ.”

“ಜಮಾಬಂದಿ ಮುಗಿಯೂತನ ಹೆಂಗ ಹೋಗೂದ್ರಿ? ತಪ್ಪಿದ್ರ ಸಜಾ ಅಂದೀರಿ.”

“ಅದು ತಿಂಗಳು ಮುಗಿಯುವವರೆಗೆ ಇದೆ ಎಂದು ಹೇಳು,” ಎಂದರು ಅಮೀನರು, ಹೆದರಿಸುವ ಸಲುವಾಗಿ.

ಮುದುಕ ಹಿಂದೆ ತಿರುಗಿ ಉಳಿದವರ ಕೂಡ ಮಾತಾಡಿಕೊಂಡ. “ಹಂಗಾದ್ರ ಇಲ್ಲೇ ಇರ್ತೀವ್ರಿ. ರೊಟ್ಟಿ ಊರಿಂದ ತರಿಸ್ಕೋತೀವಿ. ಎತ್ತಿಗೆ ಒಂದೀಟು ನೀರಿನ ಯವಸ್ಥಾ ಮಾಡಸ್ರಿ.”

ನಮ್ಮ ಮನೆಯವರಿಗೆ ಅಷ್ಟರಲ್ಲಿ ಎಡವಟ್ಟು ಎಲ್ಲಿದೆ ಎಂಬುದು ಹೊಳೆದಿತ್ತು. “ಸಾಬ್, ಇದು ಒಂದು ಅಕ್ಷರದ ಗೊಂದಲ,” ಎಂದು ಶುರುಮಾಡಿದರು. ಅಮೀನರು, ನಿನ್ನ ಕೆಲಸ ಅವರ ಮಾತು ಹೇಳುವುದು, ನಿನ್ನ ಮಾತು ಹೇಳುವುದಲ್ಲ ಎಂದು ಬಾಯಿ ಮುಚ್ಚಿಸಿದರು.

ಮಾಸ್ತರರಿಗೂ ತಿಳಿದಿತ್ತು. ಅವರು ಜಮಖಾನೆಯಿಂದ ಎದ್ದರು, ಬೇವಿನ ಕಟ್ಟೆಯ ಮೇಲೆ ಹತ್ತಿ ನಿಂತು ಬಲಗೈ ಮೇಲೆತ್ತಿದರು. ಗದ್ದಲ ನಿಂತಿತು. ಅಷ್ಟು ದಿನ ಒಂದೂ ಭಾಷಣ ಮಾಡದ ಮನುಷ್ಯ.

“ಅಣ್ಣಗಳ್ರಾ, ತಾಯಂದ್ರಾ, ಇದು ನೀವು ತಿಳಕೊಂಡ ಜಮಾಬಂದಿ ಅಲ್ಲ. ಇವತ್ತು ಇಲ್ಲಿ ಯಾವ ಕೆಲಸಾನೂ ಆಗಂಗಿಲ್ಲ. ಎಲ್ಲಾರೂ ಮನಿಗೆ ಹೋಗ್ರಿ.”

ಅಮೀನರಿಗೆ ಕಂಡದ್ದು ಇಷ್ಟು: ದಿನಾ ಕೂರುವ ಹಟಮಾರಿ ಮುದುಕ ಇಂದು ಕಟ್ಟೆ ಹತ್ತಿದ್ದಾನೆ, ಕೈ ಎತ್ತಿದ್ದಾನೆ, ಸಾವಿರ ಮಂದಿ ಬಾಯಿ ಮುಚ್ಚಿ ಕೇಳುತ್ತಿದ್ದಾರೆ. ಅವರು ಸೀಟಿ ಊದಿದರು. ದಫೇದಾರ ಲಾಠಿ ಎತ್ತಿದ.

ಇಲ್ಲಿಯವರೆಗೆ ನಾನು ಬಾಗಿಲಲ್ಲಿ ನಗುತ್ತ ನಿಂತಿದ್ದೆ. ಲಾಠಿ ಮೊದಲು ಬಿದ್ದದ್ದು ಮಾಸ್ತರರ ಎತ್ತಿದ ಕೈಯ ಮೇಲೆ. “ಹೋಗ್ರಿ” ಎಂಬ ಮಾತು ಇನ್ನೂ ಬಾಯಲ್ಲಿತ್ತು. ಆ ಸಪ್ಪಳ ರಸ್ತೆಯ ಈಚೆಗೂ ಕೇಳಿತು. ಮಂದಿ ಓಡಿದರು. ಎತ್ತುಗಳು ಬೆದರಿ ಒಂದು ಬಂಡಿ ಗಟಾರಕ್ಕೆ ಮಗುಚಿತು. ಕುಂಬಾರ ಒಬ್ಬನ ತಲೆ ಒಡೆದು ಅಂಗಿ ಕೆಂಪಾಯಿತು. ಬಿದ್ದ ಮುದುಕಿಯ ಬೆನ್ನಿನ ಮೇಲೂ ಒಬ್ಬ ಪೇದೆ ಬಾರಿಸಿದ. ಅವಳು ಏಳಲು ಹೊರಟರೆ ಮತ್ತೆ ಬಾರಿಸಿದ.

ನಮ್ಮ ಮನೆಯವರನ್ನು ಕಣ್ಣು ಹುಡುಕಿತು. ಅವರು ಮಗುಚಿದ ಬಂಡಿಯ ಹಲಗೆಗೆ ಲಾಠಿಯಿಂದ ಹೊಡೆಯುತ್ತಿದ್ದರು. ದನಿ ತೆಗೆದು ಬೈಯುತ್ತ, ಬೆವರು ಸುರಿಸುತ್ತ, ಖಾಲಿ ಬಂಡಿಯನ್ನು ಹೊಡೆಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಪ್ಪಳ ಅವರದೇ. ಸಂಜೆ ದಫೇದಾರ ಅವರ ಬೆನ್ನು ತಟ್ಟಿ ಶಭಾಸ್ ಎಂದನಂತೆ.

ಧೂಳು ಇಳಿದಾಗ ಬಯಲು ಬರಿದಾಗಿತ್ತು. ಚಪ್ಪಲಿ, ರುಮಾಲು, ರೊಟ್ಟಿ ಚೂರು. ಕಟ್ಟೆಯ ಕೆಳಗೆ ಮಾಸ್ತರರು ಕೈ ಹಿಡಿದುಕೊಂಡು ಕೂತಿದ್ದರು, ಸುತ್ತ ಅವರ ಕಡೆಯವರು. ಅವರ ಜೊತೆ ನನ್ನ ಅತ್ತೆ. ಸೆರಗಿನಿಂದ ಮಾಸ್ತರರ ಮುಖದ ಧೂಳು ಒರೆಸುತ್ತಿದ್ದರು. ಅಂದಿನವರೆಗೆ ಅವರು ಮಾಸ್ತರರ ಕೂಡ ಒಂದು ಮಾತೂ ಆಡಿದವರಲ್ಲ.

“ಆ ಹೆಂಗಸನ್ನು ಎಬ್ಬಿಸು,” ಎಂದು ದಫೇದಾರ ನಮ್ಮ ಮನೆಯವರಿಗೆ ಹೇಳಿದ. ಅವನಿಗೆ ಗೊತ್ತಿರಲಿಲ್ಲ.

ಇವರು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, “ಯವ್ವಾ, ಏಳು. ಸಾಹೇಬ್ರು ನೋಡಾಕತ್ತಾರ,” ಎಂದರು.

“ನೋಡ್ಲಿ. ಹಿರೇ ಮನಿಷ್ಯಾ ಮನಿಗೆ ಹೋಗ್ರಿ ಅಂತ ಹೇಳಾಕತ್ತಿದ್ದ. ಅವನ್ನ ಯಾಕ ಹೊಡದ್ರಿ?”

“ಅದೆಲ್ಲಾ ಆಮ್ಯಾಲ ಹೇಳ್ತೀನಿ. ನಮ್ಮ ಮನಿಗೆ ನಡಿ ಸದ್ಯಕ್ಕ.”

“ನಾ ಜಮಾಬಂದಿಗೆ ಬಂದಾಕಿ. ಕೆಲಸ ಆಗೂತನ ಏಳಾಂಗಿಲ್ಲ.”

“ಎದ್ದೇಳದಿದ್ರ ನಿನ್ನ ಹಿಡೀಬೇಕಾಗತೈತಿ.”

“ಹಿಡಿ,” ಎಂದು ಅತ್ತೆ ಕೈ ಮುಂದೆ ಚಾಚಿದರು. ಇವರು ಆ ಕೈ ಹಿಡಿದರು. ಇಬ್ಬರೂ ಬಯಲು ದಾಟಿ ಠಾಣೆಗೆ ಹೋಗುವಾಗ ಯಾರು ಯಾರನ್ನು ಹಿಡಿದಿದ್ದಾರೆ ಎಂದು ಹೇಳುವುದು ಕಷ್ಟವಾಗಿತ್ತು.

ಸ್ವಲ್ಪ ಹೊತ್ತಿಗೆ ದಫೇದಾರ ನಮ್ಮ ಬಾಗಿಲಿಗೆ ಬಂದ. ಅಷ್ಟರಲ್ಲಿ ಅವನಿಗೆ ಸಂಬಂಧ ತಿಳಿದಿತ್ತು, ನೆಲ ನೋಡಿಕೊಂಡೇ ಮಾತಾಡಿದ. “ಅಕ್ಕಾರ, ನಿಮಗೊಂದು ಸರಕಾರಿ ಕೆಲಸ ಐತಿ. ಹಿಡಿದವರನ್ನ ಯಾದಗಿರಿ ಕೋರ್ಟಿಗೆ ಒಯ್ಯಬೇಕು. ಆರೋಪಿ ಹೆಂಗಸಿದ್ರ ಕಾವಲಿಗೂ ಹೆಂಗಸು ಬೇಕು ಅಂತ ಕಾಯದೆ. ಠಾಣ್ಯಾಗ ಹೆಂಗಸರಿಲ್ಲ. ನೀವಽ ಬರಬೇಕು.”

ಹೀಗೆ ನಾನು ನನ್ನ ಅತ್ತೆಗೆ ಕಾವಲಿನವಳಾದೆ. ಕಾಸಿಟ್ಟ ಅಂಬಲಿಯನ್ನು ಗಡಿಗೆಯಲ್ಲಿ ತುಂಬಿಕೊಂಡು ಲಾರಿ ಹತ್ತಿದೆ. ಒಳಗೆ ಮಾಸ್ತರರು, ಅವರ ಕಡೆಯವರು, ಅತ್ತೆ, ಮತ್ತೆ ಡಂಗುರದ ಹಿರಿಯ. ಹಲಗೆ ಬಾರಿಸಿ ಮಂದಿಯನ್ನು ಕೂಡಿಸಿದ ಎಂದು ಅವನ ಮೇಲೆ ಗುನ್ನೆ. ಅವನು ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಸರಕಾರನಽ ಬಾರಿಸು ಅಂತು, ಸರಕಾರನಽ ಹಿಡೀತು,” ಎಂದು ಎದುರಿಗೆ ಕೂತ ಪೇದೆಗೆ ಹೇಳುತ್ತಿದ್ದ. ಪೇದೆ ಅವನಿಗೆ ಬೀಡಿ ಕೊಟ್ಟ.

ನಾನು ಪಕ್ಕದಲ್ಲಿ ಕೂತದ್ದನ್ನು ನೋಡಿ ಅತ್ತೆ ಕೇಳಿದರು, “ನೀ ಯಾಕ ಬಂದಿ?”

“ನಿಮ್ಮ ಕಾವಲಿಗೆ ಬಂದೀನ್ರಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಂಗಾದ್ರ ಎಚ್ಚರಿರು. ಶಹಾಪುರ ಬಂದಕೂಡ್ಲೆ ಜಿಗದು ಓಡಿಹೋಗ್ತೀನಿ,” ಎಂದು, ಗಡಿಗೆ ಎತ್ತಿ ಮೊದಲು ಮಾಸ್ತರರಿಗೆ ಕುಡಿಸಿದರು. ಶಹಾಪುರ ಬಂದಾಗ ಅವರು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಭೀಮಾ ಹೊಳೆ ಬಂದರೂ ಎಚ್ಚರವಿಲ್ಲ.

ಯಾದಗಿರಿಯ ಕೋರ್ಟಿನಲ್ಲಿ ನ್ಯಾಯಾಧೀಶರು ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ. ನಡಾವಳಿ ಎಲ್ಲ ಉರ್ದುವಿನಲ್ಲಿ. ಕನ್ನಡದಿಂದ ಹೇಳಬೇಕಾದ ದುಭಾಷಿ ಅಂದು ರಜೆ. ಉರ್ದು ಕನ್ನಡ ಎರಡೂ ಬಲ್ಲವರು ಯಾರಿದ್ದೀರಿ ಎಂದು ಕೇಳಿದಾಗ ದಫೇದಾರ ನಮ್ಮ ಮನೆಯವರನ್ನು ಮುಂದೆ ತಳ್ಳಿದ. ಆಮೇಲೆ ಅವರು ಅಂದು ಆಡಿದ ಮಾತೆಲ್ಲ ನನಗೆ ಬಾಯಿಪಾಠವಾಗುವಷ್ಟು ಸಲ ಹೇಳಿದ್ದಾರೆ.

ಪೊಲೀಸರು ಹೋಗೆಂದಾಗ ಯಾಕೆ ಹೋಗಲಿಲ್ಲ ಎಂದು ಅತ್ತೆಯನ್ನು ಕೇಳಲು ನ್ಯಾಯಾಧೀಶರು ಹೇಳಿದರು. ಇವರು ಕೇಳಿದರು.

ಅತ್ತೆ ಮಗನ ಮುಖವನ್ನೇ ನೋಡುತ್ತ ಹೇಳಿದರು, “ಹೋಗು ಅಂದಾವ ನೀನು. ಹುಟ್ಟಿದಾಗಿಂದ ನಾ ಹೇಳಿದ್ದು ಒಂದರ ನೀ ಕೇಳೀಯೇನು? ಒಂದ ದಿನ ನಿನ್ನ ಮಾತು ನಾ ಕೇಳಲಿಲ್ಲಂತ ಇಲ್ಲೀತನ ಎಳಕೊಂಡು ಬಂದಿ. ಅಂಗಿಗೆ ಗುಂಡಿ ಬಂದ್ವು, ಬುದ್ಧಿ ಬರಲಿಲ್ಲ. ಇದನ್ನೂ ಹೇಳು ಅವರಿಗೆ.”

ಇವರು ನ್ಯಾಯಾಧೀಶರ ಕಡೆ ತಿರುಗಿ, “ಪೊಲೀಸರ ಮಾತು ಅರ್ಥವಾಗಲಿಲ್ಲ ಎನ್ನುತ್ತಾರೆ, ಹುಜೂರ್,” ಎಂದರು.

“ಅವಳು ಅಷ್ಟು ಹೇಳಿದಳು, ನೀನು ಇಷ್ಟೇ ಹೇಳುತ್ತೀಯ. ಪೂರ್ತಿ ಹೇಳು.”

ಇವರು ಗುಂಡಿಯ ಸಹಿತ ಪೂರ್ತಿ ಹೇಳಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವಳು ಹೇಳಿದ್ದನ್ನು ನೀನು ಯಾಕೆ ಕೇಳಬೇಕು?”

“ನನ್ನ ತಾಯಿ, ಹುಜೂರ್.”

“ಹಿಡಿದವನು ಯಾರು?”

“ನಾನೇ, ಹುಜೂರ್.”

“ಸಾಕ್ಷಿ?”

“ನಾನೇ.”

“ಆ ಗಡಿಗೆ ಹಿಡಿದು ಕೂತ ಹೆಣ್ಣುಮಗಳು?”

“ಕಾವಲು, ಹುಜೂರ್. ನನ್ನ ಹೆಂಡತಿ.”

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನಗಬಹುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನ್ಯಾಯಾಧೀಶರು ಮಾಸ್ತರರ ಕಡೆ ತಿರುಗಿದರು. ಮಾಸ್ತರರ ಕೈ ಬಾತು, ಕುತ್ತಿಗೆಗೆ ಕಟ್ಟಿದ ರುಮಾಲಿನಲ್ಲಿ ಜೋತಾಡುತ್ತಿತ್ತು. ಅವರಿಗೆ ದುಭಾಷಿ ಬೇಕಾಗಲಿಲ್ಲ. ಕೋರ್ಟಿನವರಿಗಿಂತ ಚೆಂದದ ಉರ್ದುವಿನಲ್ಲಿ ಒಂದಕ್ಷರದ ಕಥೆಯನ್ನು ಹೇಳಿದರು.

“ಪೆಟ್ಟು ಬಿದ್ದಾಗ ನೀವು ಮಂದಿಗೆ ಏನು ಹೇಳುತ್ತಿದ್ದಿರಿ?”

“ಮನೆಗೆ ಹೋಗಿ ಎನ್ನುತ್ತಿದ್ದೆ.”

“ಪೊಲೀಸರು ಏನು ಹೇಳುತ್ತಿದ್ದರು?”

“ಅವರೂ ಅದನ್ನೇ ಹೇಳುತ್ತಿದ್ದರು.”

ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಡಂಗುರದ ಹಿರಿಯನಿಗೆ, ಇನ್ನು ಮುಂದೆ ಹೇಳಿದ್ದನ್ನು ಹೇಳಿದ ಹಾಗೇ ಸಾರಬೇಕು ಎಂದು ತಾಕೀತು ಮಾಡಿ ಬಿಟ್ಟರು. ಉಳಿದವರ ಬಗ್ಗೆ, ಹುಕುಂ ತಪ್ಪಿರಲಿ ಸರಿಯಿರಲಿ ಅದು ಜಾರಿಯಲ್ಲಿತ್ತು, ಅದನ್ನು ಮೀರಿ ಕೂತದ್ದು ನಿಜ, ಆದ್ದರಿಂದ ಶಿಕ್ಷೆ ಕೊಡದೆ ವಿಧಿಯಿಲ್ಲ ಎಂದರು. ಶಿಕ್ಷೆ ಏನೆಂದರೆ, ಅಂದು ಕೋರ್ಟ್ ಏಳುವವರೆಗೆ ಎಲ್ಲರೂ ಅಲ್ಲೇ ಪಡಸಾಲೆಯಲ್ಲಿ ಕೂತಿರಬೇಕು. ಲಾಠಿ ಬೀಸಿದವರ ಮಾತು ಆ ಬರಹದಲ್ಲಿ ಎಲ್ಲೂ ಬರಲಿಲ್ಲ.

ಎಲ್ಲರೂ ಗೋಡೆಗೆ ಒರಗಿ ಸಾಲಾಗಿ ಕೂತರು. ನಾಲ್ಕಕ್ಕಿಂತ ಬಹಳ ಹೆಚ್ಚು ಮಂದಿ. ಎದುರಿಗೆ ನಮ್ಮ ಮನೆಯವರು ನಿಂತುಕೊಂಡು ಕಾವಲು.

“ಏನಂದ್ರು?” ಎಂದು ಅತ್ತೆ ಕೇಳಿದರು.

“ಕುಂದ್ರು ಅಂದಾರ,” ಎಂದರು ಇವರು.

“ಕುಂತದ್ದು ತಪ್ಪು ಅಂತ ತಾನ ಹಿಡದದ್ದು?”

“ಹೌದು.”

“ಅದಕ್ಕ ಕುಂದ್ರು ಅಂದಾರೇನು?”

“ಹೌದು.”

ಅತ್ತೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ನೀನೂ ಕುಂದ್ರು. ಮುಂಜಾನಿಂದ ನಿಂತೀದಿ,” ಎಂದರು. ಮಾಸ್ತರರು ನಕ್ಕರು, ನಕ್ಕಾಗ ಕೈ ನೊಂದು ಮುಖ ಕಿವುಚಿದರು. ದಫೇದಾರ ಚಹಾ ಕುಡಿಯಲು ಹೋದದ್ದನ್ನು ನೋಡಿ ಇವರು ಕೂತರು.

ಸಂಜೆ ಬಿಟ್ಟಾಗ ನಮ್ಮನ್ನು ತಂದ ಲಾರಿ ಇರಲಿಲ್ಲ. ಹಿಡಿದವರನ್ನು ತರಲು ಸರಕಾರದಲ್ಲಿ ದಾರಿಯಿತ್ತು, ಬಿಟ್ಟವರನ್ನು ಒಯ್ಯಲು ಇರಲಿಲ್ಲ. ಶೇಂಗಾ ತುಂಬಿದ ಯಾರದೋ ಲಾರಿಯಲ್ಲಿ ಆರೋಪಿಗಳೂ ಕಾವಲಿನವರೂ ಒಟ್ಟಿಗೆ ಕೂತು ಶಹಾಪುರಕ್ಕೆ ಬಂದು, ಅಲ್ಲಿಂದ ಬಂಡಿ ಹಿಡಿದು ಊರು ಸೇರಿದೆವು. ಗುಲಬರ್ಗಾದ ಅಧಿಕಾರಿ ಬರಲೇ ಇಲ್ಲ.

ಆ ವರ್ಷದ ನಿಜವಾದ ಜಮಾಬಂದಿ ಕೆಲವು ತಿಂಗಳ ಮೇಲೆ ಬಂತು. ಹಿರಿಯ ಸರಿಯಾಗಿಯೇ ಸಾರಿದ. ಸುತ್ತಲಿನ ಹಳ್ಳಿಗಳಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಕಚೇರಿಯವರು ಮೇಜು ಕುರ್ಚಿ ಹಾಕಿಕೊಂಡು ಬಯಲನ್ನು ನೋಡುತ್ತ ಕೂತಿದ್ದಾಗ ನನ್ನ ಅತ್ತೆ ಒಬ್ಬರೇ ಬಂದರು. ಅಷ್ಟೂ ಮಂದಿ ಅಧಿಕಾರಿಗಳು ಅವರೊಬ್ಬರ ಕೆಲಸ ಮಾಡಿದರು. ಹೊಲ ಅವರ ಹೆಸರಿಗಾಯಿತು.

ಮಾಸ್ತರರ ಮಣಿಕಟ್ಟು ಸೊಟ್ಟಗೆ ಕೂಡಿತು. ನಾನು ಒಂದೆರಡು ಸಲ ಅವರ ಮನೆಗೆ ಬೆಣ್ಣೆ ಒಯ್ದು ಕೊಟ್ಟು ಬಂದಿದ್ದೆ. ನಮ್ಮ ಮನೆಯವರು ಮಾತ್ರ ಆ ಓಣಿಯಲ್ಲಿ ಹಾಯುವುದನ್ನೇ ಬಿಟ್ಟಿದ್ದರು. ಒಂದು ಭಾನುವಾರ ಧೋತರ ಉಟ್ಟುಕೊಂಡು, “ನಡಿ, ನಾನೂ ಬರ್ತೀನಿ,” ಎಂದು ಹೊರಟರು. ಮಾಸ್ತರರು ಅವರನ್ನು ನೋಡಿ ಬಂದ ಕಾರಣ ಕೇಳಲಿಲ್ಲ.

“ಚಲೋ ಆತು, ಬಂದಿ. ನನ್ನ ಕೈ ಬರಿಯಾಕ ಬರಂಗಿಲ್ಲ. ಉರ್ದುದಾಗ ಒಂದು ಅರ್ಜಿ ಬರಕೊಡು.”

“ಏನಂತ ಬರೀಲ್ರಿ?”

“ಬೇವಿನ ಗಿಡದ ಕೆಳಗ ಸುಮ್ನ ಕುಂದ್ರಾಕ ಅಪ್ಪಣಿ ಬೇಕು ಅಂತ.”

“ಎಷ್ಟು ಮಂದಿ ಅಂತ ಹಾಕ್ಲಿ?”

“ಬಂದಷ್ಟು,” ಎಂದರು ಮಾಸ್ತರರು.

ಇವರು ಬರೆದುಕೊಟ್ಟರು. ಮರುದಿನ ಖಾಕಿ ಹಾಕಿಕೊಂಡು ಠಾಣೆಯಲ್ಲಿ ಕೂತಾಗ ಆ ಅರ್ಜಿ ಇವರ ಕೈಗೇ ಬಂತು. ಇವರೇ ಅಮೀನರ ಮುಂದೆ ಇಟ್ಟರು. ಅಮೀನರು ಓದಿ, ಅಕ್ಷರ ಮುತ್ತಿನಂತಿದೆ, ಇಂಥ ಅಕ್ಷರದವರು ನಮ್ಮ ಠಾಣೆಯಲ್ಲಿ ಯಾರೂ ಇಲ್ಲ ಎಂದು ಹೊಗಳಿದರಂತೆ. ಆಮೇಲೆ ಕೆಳಗೆ ಅಡ್ಡ ಗೆರೆ ಎಳೆದು, ಅಪ್ಪಣೆ ಇಲ್ಲ ಎಂದು ಬರೆದರು.

ಮಾಸ್ತರರ ಕಡೆಯವರು ಅದೇ ವಾರ ಜಮಖಾನೆ ಹಾಸಿ ಕೂತರು. ಅಮೀನರು ಕಿಟಕಿಯಿಂದ ನೋಡಿದರು, ಕಿಟಕಿ ಮುಚ್ಚಿಕೊಂಡರು. ಯಾರನ್ನೂ ಕಳಿಸಲಿಲ್ಲ. ಹೊಡೆದದ್ದಕ್ಕೆ ಯಾರೂ ಯಾರಿಗೂ ಉತ್ತರ ಕೊಡಲಿಲ್ಲ. ಕುಂಬಾರನ ತಲೆಯ ಗಾಯ ಮಾಯ್ದರೂ ಅವನು ಮತ್ತೆ ಕಚೇರಿಯ ಬಯಲಿಗೆ ಕಾಲಿಡಲಿಲ್ಲ.

ಹೊಸ ರಾಜ್ಯವಾಗುವ ಸ್ವಲ್ಪ ಮೊದಲು ನಮ್ಮ ಮನೆಯವರಿಗೆ ಗುರುಮಠಕಲ್ ಕಡೆಗೆ ವರ್ಗವಾಯಿತು. ಸಾಮಾನು ಬಂಡಿಗೆ ಏರಿಸಿ ಹೊರಟ ದಿನ ಮಾಸ್ತರರು ಕೈಗೋಲು ಊರಿಕೊಂಡು ಬಂದರು.

“ಅಲ್ಲಿ ಮಂದಿ ತೆಲುಗು ಮಾತಾಡ್ತಾರ,” ಎಂದು ನಮ್ಮ ಮನೆಯವರಿಗೆ ಹೇಳಿದರು. “ಲಾಠಿ ಎತ್ತೂ ಮೊದ್ಲ ಅವರು ಏನಂತಾರಂತ ತಿಳಕೊಳ್ಳಾಕರೆ ಕಲಿ.”

“ಹೌದ್ರಿ,” ಎಂದರು ಇವರು.

ತೆಲುಗು ಅವರಿಗಿಂತ ಮೊದಲು ನನಗೆ ಬಂತು, ಅಲ್ಲಿಯ ಬಾವಿ ಕಟ್ಟೆಯ ಮೇಲೆ. ಸಂಜೆ ಅವರು ಕೆಲಸದಿಂದ ಬಂದ ಮೇಲೆ ಒಂದೊಂದೇ ಮಾತು ಹೇಳಿಕೊಡುತ್ತಿದ್ದೆ.